ಎಂಟು ತುಂಡಿನ ಮೆದುಳು, ಒಂದು ಅಡ್ಡಸೀಳು, ಒಂದು ಗೋಡೆಫಲಕ: ಪ್ರಯೋಗಾಲಯಕ್ಕೆ ತರಿಸಿದ ನರಮಂಡಲದ ಮಾದರಿಗಳ ವಿಮರ್ಶೆ

ಶಿರಾ ಸೀಮೆಯ ಒಂದು ಪದವಿ ಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿರುವ ನಾನು ಎರಡು ವರ್ಷಗಳ ಹಿಂದೆ ನಮ್ಮ ಪ್ರಯೋಗಾಲಯಕ್ಕಾಗಿ ನರಮಂಡಲದ ಮಾದರಿಗಳ ಒಂದು ಸೆಟ್ ತರಿಸಿದೆ. ಸೆಟ್‌ನಲ್ಲಿ ಮೂರು ವಸ್ತುಗಳಿದ್ದವು: ಎಂಟು ತುಂಡುಗಳಾಗಿ ಬಿಚ್ಚಿ ಜೋಡಿಸಬಹುದಾದ, ಮನುಷ್ಯನ ಮೆದುಳಿನಷ್ಟೇ ದೊಡ್ಡದಾದ ಪ್ಲಾಸ್ಟಿಕ್ ಮೆದುಳು, ಹಲವು ಪಟ್ಟು ಹಿಗ್ಗಿಸಿದ ಮೆದುಳುಬಳ್ಳಿಯ ಅಡ್ಡಸೀಳು, ಇಡೀ ದೇಹದ ನರಗಳನ್ನು ಉಬ್ಬುಚಿತ್ರವಾಗಿ ತೋರಿಸುವ, ಮನುಷ್ಯನ ಅರ್ಧ ಎತ್ತರದ ಒಂದು ಗೋಡೆಫಲಕ. ಜಿಎಸ್‌ಟಿ ಸೇರಿ ಒಂಬತ್ತು ಸಾವಿರದ ಚಿಲ್ಲರೆ ರೂಪಾಯಿ ಆಯಿತು. ನಮ್ಮ ಶಾಲಾ ಕಾಲೇಜುಗಳ ಪ್ರಯೋಗಾಲಯಗಳಿಗೆ ಬರುವ ಬಹಳಷ್ಟು ಸಾಮಾನಿನಂತೆ ಇದೂ ಹರಿಯಾಣದ ಅಂಬಾಲಾದಿಂದಲೇ ಬಂದದ್ದು. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಂದೇ ಅಚ್ಚಿನ ಮಾದರಿಯನ್ನು ನಾಲ್ಕಾರು ಮಂದಿ ತಮ್ಮ ತಮ್ಮ ಹೆಸರಿನ ಚೀಟಿ ಅಂಟಿಸಿ ಮಾರುತ್ತಿರುವುದನ್ನು ಕೊಟೇಷನ್ ತರಿಸುವಾಗಲೇ ಕಂಡಿದ್ದರಿಂದ, ಹೆಸರಿಗಿಂತ ಅಚ್ಚಿನ ಗುಣದೋಷಗಳನ್ನು ಹೇಳುವುದೇ ಕೊಳ್ಳುವವರಿಗೆ ಉಪಯೋಗವೆಂದು ನನ್ನ ಎಣಿಕೆ.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೂರರಲ್ಲಿ ಕೊಟ್ಟ ಹಣಕ್ಕೆ ಪೂರ್ತಿ ನ್ಯಾಯ ಒದಗಿಸಿದ್ದು ಎಲ್ಲಕ್ಕಿಂತ ಅಗ್ಗವಾದ ಅಡ್ಡಸೀಳು. ಎಂಟು ತುಂಡಿನ ಮೆದುಳು ಅಂಗಗಳ ಹೆಸರು ಕಲಿಸುವುದಕ್ಕೆ ಚೆನ್ನಾಗಿದೆ, ಆದರೆ ಅವುಗಳ ನಡುವಿನ ಸಂಬಂಧವನ್ನು ಹೇಳುವಲ್ಲಿ ಸೋಲುತ್ತದೆ. ಗೋಡೆಫಲಕ ನೋಡಲು ಭರ್ಜರಿಯಾಗಿದ್ದರೂ ನರಮಂಡಲದ ಸುಮಾರು ಅರ್ಧ ಭಾಗವನ್ನು ಬಿಟ್ಟೇಬಿಟ್ಟಿದೆ.

ಮೆದುಳಿನಿಂದ ಆರಂಭಿಸೋಣ. ಎಂಟು ತುಂಡುಗಳು ಸಣ್ಣ ಕಾಂತಗಳಿಂದ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಎಡ ಬಲ ಅರ್ಧಗೋಳಗಳನ್ನು ನಟ್ಟನಡುವೆ ಬೇರ್ಪಡಿಸಿದಾಗ ಸಿಗುವ ಒಳನೋಟವೇ ಈ ಮಾದರಿಯ ಅತ್ಯುತ್ತಮ ಭಾಗ. ಮೇಲೆ ಬಿಲ್ಲಿನಂತೆ ಬಾಗಿದ ಬಿಳಿಯ ಪಟ್ಟಿ, ಅಂದರೆ ಎರಡು ಅರ್ಧಗೋಳಗಳನ್ನು ಸುಮಾರು ಇಪ್ಪತ್ತು ಕೋಟಿ ನರತಂತುಗಳಿಂದ ಹೊಲಿದಿರುವ ಕಾರ್ಪಸ್ ಕೆಲೋಸಮ್. ಅದರ ಕೆಳಗೆ ಮೊಟ್ಟೆಯಾಕಾರದ ಥಾಲಮಸ್. ಇನ್ನೂ ಕೆಳಗೆ, ತೂಕದಲ್ಲಿ ಕೆಲವೇ ಗ್ರಾಂ ಇದ್ದರೂ ಹಸಿವು, ಬಾಯಾರಿಕೆ, ದೇಹದ ಬಿಸಿ, ಪಿಟ್ಯುಟರಿ ಗ್ರಂಥಿ ಎಲ್ಲದರ ಲಗಾಮನ್ನೂ ಹಿಡಿದಿರುವ ಹೈಪೋಥಾಲಮಸ್. ಆಮೇಲೆ ನಡುಮೆದುಳು, ಪಾನ್ಸ್, ಮೆಡುಲ್ಲಾ ಎಂಬ ಕಾಂಡ. ಅದರ ಹಿಂದೆ ಕಡಿದ ಹೂಕೋಸಿನಂತೆ ಕವಲೊಡೆದ ಬಿಳಿಗೆರೆಗಳ ಅನುಮಸ್ತಿಷ್ಕ, ಅಂದರೆ ಚಲನೆಯ ಹೊಂದಾಣಿಕೆ ನೋಡಿಕೊಳ್ಳುವ ಸೆರಿಬೆಲ್ಲಮ್. ಇವೆಲ್ಲ ಸರಿಯಾದ ಜಾಗದಲ್ಲಿ, ಸರಿಯಾದ ಪ್ರಮಾಣದಲ್ಲಿವೆ. ಮೆದುಳಿನೊಳಗಿನ ಕುಹರಗಳನ್ನೂ ಅವುಗಳನ್ನು ಜೋಡಿಸುವ ಕಿರಿದಾದ ಕಾಲುವೆಯನ್ನೂ ನೀಲಿ ಬಣ್ಣದಲ್ಲಿ ತೋರಿಸಿದ್ದಾರೆ. ದಿನಕ್ಕೆ ಸುಮಾರು ಅರ್ಧ ಲೀಟರ್ ಮೆದುಳುದ್ರವ ಉತ್ಪತ್ತಿಯಾಗುತ್ತದೆ, ಆದರೆ ಯಾವುದೇ ಒಂದು ಕ್ಷಣದಲ್ಲಿ ಒಳಗೆ ಇರುವುದು 150 ಮಿಲಿಲೀಟರ್ ಆಸುಪಾಸು ಮಾತ್ರ. ಆ ಕಾಲುವೆ ಕಟ್ಟಿಕೊಂಡರೆ ಎಳೆಯ ಮಗುವಿನ ತಲೆ ಏಕೆ ದೊಡ್ಡದಾಗುತ್ತದೆ ಎಂಬುದನ್ನು ಈ ನೀಲಿ ಗೆರೆಯ ಮೇಲೆ ಬೆರಳಿಟ್ಟು ಎರಡು ನಿಮಿಷದಲ್ಲಿ ವಿವರಿಸಬಹುದು. ಪಠ್ಯಪುಸ್ತಕದ ಚಿತ್ರ ಈ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡುವುದಿಲ್ಲ.

ಹೊರಮೈಗೆ ಬಂದರೆ ತಕರಾರು ಶುರುವಾಗುತ್ತದೆ. ನಾಲ್ಕು ಹಾಲೆಗಳಿಗೆ ನಾಲ್ಕು ಗಾಢ ಬಣ್ಣಗಳನ್ನು ಬಳಿದಿದ್ದಾರೆ, ಮತ್ತು ಬಣ್ಣದ ಗಡಿಗಳು ಹೊಲದ ಬದುಗಳಷ್ಟು ಖಚಿತವಾಗಿವೆ. ಫ್ರಾಂಟಲ್, ಪೆರೈಟಲ್, ಟೆಂಪೊರಲ್, ಆಕ್ಸಿಪಿಟಲ್ ಎಂಬ ಹೆಸರುಗಳು ಮೆದುಳಿನ ಕೆಲಸದಿಂದ ಹುಟ್ಟಿದವಲ್ಲ, ಆಯಾ ಭಾಗದ ಮೇಲೆ ಕೂತಿರುವ ತಲೆಬುರುಡೆಯ ಮೂಳೆಗಳಿಂದ ಬಂದವು. ಪೆರೈಟಲ್ ಹಾಲೆ ಎಲ್ಲಿ ಮುಗಿದು ಆಕ್ಸಿಪಿಟಲ್ ಎಲ್ಲಿ ಆರಂಭವಾಗುತ್ತದೆ ಎಂಬುದಕ್ಕೆ ಹೊರಮೈಯಲ್ಲಿ ಸಹಜವಾದ ಗಡಿಯೇ ಇಲ್ಲ. ಬಣ್ಣ ನೋಡಿದ ವಿದ್ಯಾರ್ಥಿಗಳು ಹಳದಿ ಭಾಗದಲ್ಲಿ ಒಂದು ಇಲಾಖೆ, ಹಸಿರು ಭಾಗದಲ್ಲಿ ಇನ್ನೊಂದು ಇಲಾಖೆ ಎಂದು ತಾಲ್ಲೂಕು ಕಚೇರಿಯಂತೆ ಕಲ್ಪಿಸಿಕೊಳ್ಳುತ್ತಾರೆ. ಆದರೆ ಫ್ರಾಂಟಲ್ ಮತ್ತು ಪೆರೈಟಲ್ ಹಾಲೆಗಳ ನಡುವಿನ ಬಿರುಕಿನ ಎರಡು ಬದಿಯ ಮಡಿಕೆಗಳನ್ನು ಮಾತ್ರ ಕೆಂಪು ನೀಲಿಯಾಗಿ ಬೇರ್ಪಡಿಸಿರುವುದು ಮೆಚ್ಚತಕ್ಕದ್ದು. ಮುಂದಿನದು ಸ್ನಾಯುಗಳಿಗೆ ಅಪ್ಪಣೆ ಹೊರಡುವ ಪಟ್ಟಿ, ಹಿಂದಿನದು ಚರ್ಮದ ಸ್ಪರ್ಶ ಬಂದು ತಲುಪುವ ಪಟ್ಟಿ, ಎರಡರಲ್ಲೂ ದೇಹ ತಲೆಕೆಳಗಾಗಿ ಹಾಸಿಕೊಂಡಿದೆ, ಬೆನ್ನಿಗಿಂತ ಹೆಬ್ಬೆರಳಿಗೂ ತುಟಿಗೂ ಹೆಚ್ಚು ಜಾಗ ಸಿಕ್ಕಿದೆ. ಇಷ್ಟನ್ನು ಹೇಳುವುದಕ್ಕೆ ಆ ಎರಡು ಬಣ್ಣ ಸಾಕು, ಉಳಿದ ಬಣ್ಣಗಳಿಲ್ಲದಿದ್ದರೂ ನಡೆಯುತ್ತಿತ್ತು.

ಇನ್ನೊಂದು ಕೊರತೆ ಬೂದು ಮತ್ತು ಬಿಳಿ ದ್ರವ್ಯಗಳದ್ದು. ಎರಡು ಅರ್ಧಗೋಳಗಳು ಕೂಡಿದ ದೊಡ್ಡ ಭಾಗವಾದ ಮಹಾಮಸ್ತಿಷ್ಕದ ಹೊರಪದರ, ಅಂದರೆ ಕಾರ್ಟೆಕ್ಸ್, ಎರಡರಿಂದ ನಾಲ್ಕು ಮಿಲಿಮೀಟರ್ ದಪ್ಪದ ಬೂದು ಹಾಳೆ. ಆ ಹಾಳೆಯ ಸುಮಾರು ಮೂರನೇ ಎರಡು ಭಾಗ ಮಡಿಕೆಗಳ ಸಂದಿಯಲ್ಲಿ ಅಡಗಿದೆ, ಕೆಳಗಿರುವ ಬಿಳಿಯದೆಲ್ಲ ತಂತುಗಳ ಕಟ್ಟು. ಮಾದರಿಯಲ್ಲಿ ಸಂದಿಗಳು ಒಂದು ಕಾಳಿನಷ್ಟು ಆಳವೂ ಇಲ್ಲ, ಒಳಗೆಲ್ಲ ಒಂದೇ ಬಣ್ಣದ ಪ್ಲಾಸ್ಟಿಕ್. ಮಹಾಮಸ್ತಿಷ್ಕವೆಂದರೆ ಮೇಲೆ ತೆಳುವಾದ ಬೂದು ಹಾಳೆ, ಅದರಡಿ ಆ ಹಾಳೆಯ ಒಂದು ಮೂಲೆಯನ್ನು ಇನ್ನೊಂದು ಮೂಲೆಗೆ ಜೋಡಿಸುವ ತಂತಿಗಳು ಎಂಬ ಮೂಲ ವಿನ್ಯಾಸವೇ ಇದರಿಂದ ಮರೆಯಾಗುತ್ತದೆ. ತಳಭಾಗದಲ್ಲಿ ಕಪಾಲ ನರಗಳ ಹನ್ನೆರಡು ಜೋಡಿ ಮೊಟಕು ತುದಿಗಳನ್ನು ನೆಟ್ಟಿದ್ದಾರೆ. ಎಣಿಸಿದರೆ ಲೆಕ್ಕ ಸರಿಯಿದೆ. ಆದರೆ ನಾಲ್ಕನೆಯ ನರ ಕಾಂಡದ ಬೆನ್ನ ಬದಿಯಿಂದ ಹೊರಟು ಸುತ್ತಿಕೊಂಡು ಮುಂದೆ ಬರುವ ಏಕೈಕ ಕಪಾಲ ನರ, ನಮ್ಮ ಮಾದರಿಯಲ್ಲಿ ಅದು ಮೂರನೆಯದರ ಪಕ್ಕದಲ್ಲೇ ಮುಂಭಾಗದಲ್ಲಿ ನಿಂತಿದೆ. ಪಿಯುಸಿ ಮಟ್ಟಕ್ಕೆ ಇದು ಸಣ್ಣ ತಪ್ಪು. ನರ್ಸಿಂಗ್ ಅಥವಾ ವೈದ್ಯಕೀಯ ಕಾಲೇಜಿನವರು ಕೊಳ್ಳುವುದಾದರೆ ಗಮನಿಸಬೇಕು.

ಮಾದರಿಯ ಜೊತೆ ಬಂದ ಕಿರುಪುಸ್ತಿಕೆಯನ್ನು ನಾನು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಅದರಲ್ಲಿ ಮೆದುಳನ್ನು ಮೂರಂತಸ್ತಿನ ಮನೆಯಂತೆ ವರ್ಣಿಸಲಾಗಿದೆ: ಕೆಳಗೆ ಹಾವು ಹಲ್ಲಿಗಳ ಮೆದುಳು, ಅದರ ಮೇಲೆ ಭಾವನೆಗಳ ಮೆದುಳು, ಮಾಳಿಗೆಯಲ್ಲಿ ವಿಚಾರಶೀಲ ಸಸ್ತನಿಯ ಮೆದುಳು. ಅಮೆರಿಕದ ಪಾಲ್ ಮೆಕ್ಲೀನ್ 1960ರ ದಶಕದಲ್ಲಿ ಬೆಳೆಸಿದ ಈ ಕಲ್ಪನೆ ಹೇಳಲು ಸುಲಭ, ನೆನಪಿನಲ್ಲಿಯೂ ಉಳಿಯುತ್ತದೆ, ಆದರೆ ನಿಜವಲ್ಲ. ಹಲ್ಲಿಗೂ ಮೀನಿಗೂ ಮುಮ್ಮೆದುಳು ಇದೆ. ವಿಕಾಸದಲ್ಲಿ ಹಳೆಯದರ ಮೇಲೆ ಹೊಸದನ್ನು ಕಟ್ಟಿಲ್ಲ, ಎಲ್ಲ ಕಶೇರುಕಗಳಿಗೂ ಸಮಾನವಾದ ಭಾಗಗಳೇ ಬೇರೆ ಬೇರೆ ಪ್ರಮಾಣದಲ್ಲಿ ಬೆಳೆದಿವೆ. ಭ್ರೂಣವನ್ನು ನೋಡಿದರೆ ಇದು ಸ್ಪಷ್ಟ. ಗರ್ಭದಲ್ಲಿ ನರಮಂಡಲ ಮೊದಲು ಒಂದು ಕೊಳವೆ. ಮನುಷ್ಯ ಭ್ರೂಣದಲ್ಲಿ ನಾಲ್ಕನೆಯ ವಾರದ ಹೊತ್ತಿಗೆ ಆ ಕೊಳವೆ ಮುಚ್ಚಿಕೊಳ್ಳುತ್ತದೆ. ಗರ್ಭ ನಿಲ್ಲುವ ಮೊದಲೇ ಫೋಲಿಕ್ ಆಮ್ಲದ ಮಾತ್ರೆ ಶುರುಮಾಡಬೇಕೆಂದು ವೈದ್ಯರು ಹೇಳುವುದು ಇದಕ್ಕೇ. ಕೊಳವೆಯ ಮುಂತುದಿ ಮೂರು ಉಬ್ಬುಗಳಾಗಿ, ಮೊದಲನೆಯದೂ ಮೂರನೆಯದೂ ಮತ್ತೆ ಎರಡೆರಡಾಗಿ, ಒಟ್ಟು ಐದಾಗುತ್ತವೆ. ಉಳಿದ ಉದ್ದವೆಲ್ಲ ಮೆದುಳುಬಳ್ಳಿ. ಇಲಿಗೂ ಇದೇ, ಆನೆಗೂ ಇದೇ. ಸಸ್ತನಿಗಳ ವೈಶಿಷ್ಟ್ಯವೆಂದರೆ ಮೊದಲ ಉಬ್ಬಿನ ಹೊರಗೋಡೆಯಲ್ಲಿ ಆರು ಪದರಗಳ ಕಾರ್ಟೆಕ್ಸ್ ಹರಡಿಕೊಂಡಿರುವುದು. ಕಾರ್ಪಸ್ ಕೆಲೋಸಮ್ ಕೂಡ ಎಲ್ಲ ಸಸ್ತನಿಗಳಿಗೂ ಇಲ್ಲ. ಕಾಂಗರೂಗಳಿಗೂ ಮೊಟ್ಟೆಯಿಡುವ ಪ್ಲಾಟಿಪಸ್‌ಗೂ ಅದಿಲ್ಲದೆಯೇ ನಡೆಯುತ್ತದೆ. ಪುಸ್ತಿಕೆಯ ಮೂರಂತಸ್ತಿನ ಚಿತ್ರವನ್ನು ವಿದ್ಯಾರ್ಥಿಗಳಿಗೆ ಒಮ್ಮೆ ತೋರಿಸಿದರೆ ಅದನ್ನು ಅಳಿಸಲು ಒಂದು ವರ್ಷ ಬೇಕು.

ಮಾದರಿ ಎಷ್ಟು ಸರಿ ಎಂದು ನೋಡಲು ನಾವು ಕುರಿಯ ಮೆದುಳಿನ ಮೊರೆಹೋದೆವು. ನಮ್ಮದು ಕುರಿಗಳ ಸೀಮೆ. ಭಾನುವಾರ ಬೆಳಿಗ್ಗೆ ಮಾಂಸದಂಗಡಿಗೆ ಹೋಗಿ ಕೇಳಿದಾಗ ಅಂಗಡಿಯವರು, "ತಲೆ ಕೊಡ್ಲಾ ಮೇಡಂ, ಬರೀ ಮೆದುಳು ಸಾಕಾ?" ಎಂದರು. ಸಾರಿಗಲ್ಲ, ಪಾಠಕ್ಕೆ ಎಂದಾಗ ತುಸು ಹೊತ್ತು ಯೋಚಿಸಿ, ಮಚ್ಚಿನಿಂದ ತಲೆಯನ್ನು ಉದ್ದಕ್ಕೆ ಎರಡು ಹೋಳು ಮಾಡಿಕೊಟ್ಟರು. ಜೊತೆಗೆ ಇನ್ನೊಂದು ತಲೆಯ ಬುರುಡೆಯನ್ನು ಮೇಲಿನಿಂದ ಜಾಗರೂಕತೆಯಿಂದ ಒಡೆದು ಇಡೀ ಮೆದುಳನ್ನು ತೆಗೆದುಕೊಟ್ಟರು. ಮೊದಲನೆಯದು ನಮಗೆ ಬೇಕಾಗಿದ್ದ ಮಧ್ಯಸೀಳೇ ಆಗಿತ್ತು. ಆ ಕೈಯ ಖಚಿತತೆಗೆ ಈಗಲೂ ಬೆರಗಾಗುತ್ತೇನೆ. ಎರಡನ್ನೂ ಫಾರ್ಮಲಿನ್‌ನಲ್ಲಿ ಕೆಲವು ದಿನ ಇಟ್ಟು, ತೊಳೆದು, ಕೈಗವಸು ಹಾಕಿಕೊಂಡು, ಪ್ಲಾಸ್ಟಿಕ್ ಮೆದುಳಿನ ಪಕ್ಕದಲ್ಲಿ ಇಟ್ಟು ನೋಡಿದೆವು.

ಕುರಿಯ ಮೆದುಳು ಗಾತ್ರದಲ್ಲಿ ಮನುಷ್ಯನದರ ಹತ್ತನೇ ಒಂದು ಪಾಲು ಇರಬಹುದು, ಆದರೆ ಪಟ್ಟಿಯಲ್ಲಿದ್ದ ಒಂದೊಂದು ಅಂಗವೂ ಅದೇ ಅನುಕ್ರಮದಲ್ಲಿ ಸಿಕ್ಕಿತು. ವ್ಯತ್ಯಾಸವಿದ್ದದ್ದು ಪ್ರಮಾಣದಲ್ಲಿ ಮತ್ತು ಬಾಗಿನಲ್ಲಿ. ನಾಲ್ಕು ಕಾಲಿನ ಪ್ರಾಣಿಯಲ್ಲಿ ಮೆದುಳು ಮತ್ತು ಮೆದುಳುಬಳ್ಳಿ ಬಹುಮಟ್ಟಿಗೆ ಒಂದೇ ಗೆರೆಯಲ್ಲಿ ಮಲಗಿವೆ. ನೆಟ್ಟಗೆ ನಿಂತ ಮನುಷ್ಯನಲ್ಲಿ ನಡುಮೆದುಳಿನ ಹತ್ತಿರ ಆ ಗೆರೆ ಮೊಣಕೈಯಂತೆ ಬಾಗಿದೆ. ಕುರಿಯಲ್ಲಿ ವಾಸನೆಯ ಉಬ್ಬುಗಳು ಮುಂಭಾಗದಲ್ಲಿ ಎರಡು ಹುಣಸೆ ಬೀಜಗಳಂತೆ ಎದ್ದು ಕಾಣುತ್ತವೆ. ಮನುಷ್ಯನ ಮಾದರಿಯಲ್ಲಿ ಅವನ್ನು ಹುಡುಕಬೇಕು. ಅನುಮಸ್ತಿಷ್ಕದ ಮೇಲೆ ಮಹಾಮಸ್ತಿಷ್ಕ ಚಾಚಿಕೊಂಡಿಲ್ಲವಾದ್ದರಿಂದ ಎರಡನ್ನೂ ಮೆಲ್ಲಗೆ ಅಗಲಿಸಿದರೆ ನಡುವೆ ನಡುಮೆದುಳಿನ ನಾಲ್ಕು ಗುಬುಟುಗಳು ಕಾಣುತ್ತವೆ, ಮೇಲಿನ ಎರಡು ನೋಟಕ್ಕೆ, ಕೆಳಗಿನ ಎರಡು ಕೇಳ್ಮೆಗೆ ಸಂಬಂಧಿಸಿದವು. ಹಿಂದಿನಿಂದ ಸದ್ದಾದಾಗ ಮೇಯುತ್ತಿರುವ ಕುರಿ ಕಿವಿ ನಿಮಿರಿಸಿ ತಲೆ ತಿರುಗಿಸುವ ಕೆಲಸದಲ್ಲಿ ಇವುಗಳ ಪಾಲು ದೊಡ್ಡದು. ಕಣ್ಣಿನ ನರಗಳು ಅಡ್ಡ ಹಾಯುವ ಜಾಗವನ್ನೂ ನೋಡಿದೆವು. ಮುಂದಕ್ಕೆ ನೋಡುವ ಮನುಷ್ಯನ ಕಣ್ಣಿನ ತಂತುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಎದುರು ಬದಿಗೆ ದಾಟುತ್ತವೆ; ಪಕ್ಕಕ್ಕೆ ಕಣ್ಣಿರುವ ಕುರಿಯಲ್ಲಿ ಬಹುಪಾಲು ದಾಟುತ್ತವೆ.

ಆ ನಾಲ್ಕು ಗುಬುಟುಗಳ ಮೇಲೆ, ನಡುವೆ, ಒಂದು ಸಣ್ಣ ಕಾಳಿನಂಥದ್ದು ಕೂತಿತ್ತು: ಪೀನಿಯಲ್ ಗ್ರಂಥಿ. ಮಾದರಿಯ ಪಟ್ಟಿಯಲ್ಲಿ 27ನೇ ಸಂಖ್ಯೆಗೆ ಪೀನಿಯಲ್ ಎಂದು ಬರೆದಿದ್ದರೂ ಮಾದರಿಯ ಮೇಲೆಲ್ಲೂ 27 ಎಂಬ ಅಂಕಿ ಇರಲಿಲ್ಲ. ಎಂಟೂ ತುಂಡುಗಳನ್ನು ತಿರುಗಿಸಿ ತಿರುಗಿಸಿ ನೋಡಿ ಕೈಬಿಟ್ಟಿದ್ದೆವು. ಈಗ ಕುರಿಯನ್ನು ಆಧಾರವಾಗಿಟ್ಟುಕೊಂಡು ಪ್ಲಾಸ್ಟಿಕ್‌ನಲ್ಲಿ ಅದೇ ಜಾಗವನ್ನು ಹುಡುಕಿದಾಗ, ಬಣ್ಣ ಬಳಿಯದೆ ಬಿಟ್ಟ ಒಂದು ಚಿಕ್ಕ ಗಂಟು ಸಿಕ್ಕಿತು.

ಗಾತ್ರದ ಮಾತು ಬಂದಾಗ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಒಂದೇ: ದೊಡ್ಡ ಮೆದುಳಿಗೆ ಹೆಚ್ಚು ಬುದ್ಧಿಯೇ? ಬ್ರೆಜಿಲ್‌ನ ಸುಜಾನಾ ಹರ್ಕ್ಯುಲಾನೊ-ಹೌಜೆಲ್ ಮತ್ತು ಅವರ ಸಂಗಡಿಗರು ಮೆದುಳನ್ನು ಕರಗಿಸಿ ಕೋಶಕೇಂದ್ರಗಳನ್ನು ಎಣಿಸುವ ವಿಧಾನದಿಂದ 2009ರಲ್ಲಿ ಕೊಟ್ಟ ಲೆಕ್ಕದಂತೆ ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅದರಲ್ಲಿ 6,900 ಕೋಟಿ ಅನುಮಸ್ತಿಷ್ಕದಲ್ಲಿ, 1,600 ಕೋಟಿ ಮಹಾಮಸ್ತಿಷ್ಕದ ಕಾರ್ಟೆಕ್ಸ್‌ನಲ್ಲಿ, ಉಳಿದೆಲ್ಲ ಸೇರಿ ನೂರು ಕೋಟಿಗೂ ಕಡಿಮೆ. ತೂಕದಲ್ಲಿ ಹತ್ತನೇ ಒಂದು ಪಾಲಿರುವ ಅನುಮಸ್ತಿಷ್ಕ ನರಕೋಶಗಳಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಇಟ್ಟುಕೊಂಡಿದೆ. ಆಫ್ರಿಕಾದ ಆನೆಯಲ್ಲಿ ಒಟ್ಟು 25,700 ಕೋಟಿ, ಆದರೆ ಅವುಗಳಲ್ಲಿ ನೂರಕ್ಕೆ 98ರಷ್ಟು ಅನುಮಸ್ತಿಷ್ಕದಲ್ಲೇ ಇವೆ. ಇಂಥ ಪಾಠಕ್ಕೆ ಅನುಮಸ್ತಿಷ್ಕದ ತುಂಡನ್ನು ಬಿಚ್ಚಿ ಕೈಯಲ್ಲಿ ಹಿಡಿದು ತೋರಿಸಲು ಆಗುವುದು ಈ ಮಾದರಿಯ ದೊಡ್ಡ ಅನುಕೂಲ.

ಈಗ ನನಗೆ ತುಂಬ ಮೆಚ್ಚುಗೆಯಾದ ಅಡ್ಡಸೀಳಿನ ವಿಷಯ. ಊಟದ ತಟ್ಟೆಯಷ್ಟು ಅಗಲದ ಈ ಮಾದರಿ ಮೆದುಳುಬಳ್ಳಿಯ ಒಂದು ಬಿಲ್ಲೆಯನ್ನು, ಅದರ ಎರಡೂ ಬದಿಯಿಂದ ಹೊರಡುವ ಬೇರುಗಳೊಂದಿಗೆ ತೋರಿಸುತ್ತದೆ. ನಡುವೆ ಚಿಟ್ಟೆಯಾಕಾರದ ಬೂದು ದ್ರವ್ಯ, ಸುತ್ತ ಬಿಳಿ ದ್ರವ್ಯ, ಅಂದರೆ ಮಹಾಮಸ್ತಿಷ್ಕದ ಏರ್ಪಾಟು ಇಲ್ಲಿ ಒಳಗಿನದು ಹೊರಗಾಗಿ ತಿರುಗಿದೆ. ಚಿಟ್ಟೆಯ ಹಿಂದಿನ ರೆಕ್ಕೆಗೆ ಬರುವ ಬೇರು ಸುದ್ದಿ ತರುವುದು, ಮುಂದಿನ ರೆಕ್ಕೆಯಿಂದ ಹೊರಡುವ ಬೇರು ಅಪ್ಪಣೆ ಒಯ್ಯುವುದು. ಎರಡೂ ಸ್ವಲ್ಪ ದೂರದಲ್ಲಿ ಕೂಡಿ ಒಂದೇ ನರವಾಗುತ್ತವೆ. ಮುಂದಿನ ಬೇರಿಗೂ ಚಲನೆಗೂ ಇರುವ ಸಂಬಂಧವನ್ನು ಬ್ರಿಟನ್ನಿನ ಚಾರ್ಲ್ಸ್ ಬೆಲ್ 1811ರಲ್ಲಿ ಸೂಚಿಸಿದರು, ಹಿಂದಿನ ಬೇರು ಸಂವೇದನೆಯದು ಎಂಬುದನ್ನು ಫ್ರಾನ್ಸಿನ ಫ್ರಾಂಸ್ವಾ ಮಜಾಂಡಿ 1822ರಲ್ಲಿ ಪ್ರಯೋಗದಿಂದ ಸ್ಪಷ್ಟಪಡಿಸಿದರು, ಶ್ರೇಯಸ್ಸು ಯಾರದೆಂಬ ಜಗಳ ಬಹುಕಾಲ ನಡೆಯಿತು. ಕೇಂದ್ರ ನರಮಂಡಲ, ಬಾಹ್ಯ ನರಮಂಡಲ ಎಂಬ ಪಠ್ಯದ ವಿಭಜನೆ ಮಕ್ಕಳಿಗೆ ಬರಿಯ ಪದಗಳಾಗಿ ಉಳಿಯುವುದೇ ಹೆಚ್ಚು. ಈ ಬಿಲ್ಲೆಯನ್ನು ನೋಡಿದ ಮೇಲೆ ಅವರೇ ಗಡಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಾರೆ. ಬಿಸಿ ಬಾಣಲೆ ತಾಗಿದ ಕೈ ನೋವು ಅರಿವಿಗೆ ಬರುವ ಮೊದಲೇ ಹಿಂದೆ ಸರಿಯುವುದು ಹೇಗೆಂದು ಕೇಳಿದರೆ, ಹಿಂದಿನ ಬೇರಿನಿಂದ ಚಿಟ್ಟೆಯೊಳಗೆ ಹೋಗಿ, ಅಲ್ಲಿ ಒಂದು ನಡುವಿನ ನರಕೋಶವನ್ನು ದಾಟಿ, ಮುಂದಿನ ಬೇರಿನಿಂದ ಹೊರಬರುವ ದಾರಿಯನ್ನು ಪೆನ್ಸಿಲ್ ತುದಿಯಿಂದ ಎಳೆಯುತ್ತಾರೆ.

ಅಡ್ಡಸೀಳಿಗೂ ಒಂದು ಕಥೆಯಿದೆ. ನಮಗೆ ಬಂದ ಪ್ರತಿಯಲ್ಲಿ ಹಿಂದಿನ ಬೇರು ಮತ್ತು ಮುಂದಿನ ಬೇರಿನ ಚೀಟಿಗಳು ಅದಲುಬದಲಾಗಿದ್ದವು. ಇದನ್ನು ಕಂಡುಹಿಡಿದದ್ದು ನಾನಲ್ಲ, ಎರಡನೆಯ ಬೆಂಚಿನ ಹುಡುಗಿ. "ಮೇಡಂ, ಗಂಟು ಇರೋದು ಹಿಂದಿನ ಬೇರಿನಲ್ಲಿ ಅಂದ್ರಿ, ಇಲ್ಲಿ ಮುಂದೆ ಅಂತ ಬರೆದಿದೆಯಲ್ಲ?" ಎಂದು ಅವಳು ಕೇಳಿದಾಗ ನನ್ನ ಮುಖ ಕೆಂಪಾಯಿತು, ಏಕೆಂದರೆ ಅದೇ ಮಾದರಿಯಿಂದ ಮೂರು ತರಗತಿಗಳಿಗೆ ಪಾಠ ಮಾಡಿ ಮುಗಿಸಿದ್ದೆ. ಸಂವೇದನೆಯ ನರಕೋಶಗಳ ಒಡಲು ಇರುವ ಆ ಗಂಟನ್ನು ಅಚ್ಚಿನಲ್ಲಿ ಸರಿಯಾಗಿ ಹಾಕಿದ್ದರಿಂದ ತಪ್ಪು ಚೀಟಿಯದೆಂದು ತಿಳಿಯಿತು. ಅಚ್ಚು ಮಾಡಿದವರಿಗೆ ವಿಷಯ ಗೊತ್ತಿತ್ತು, ಚೀಟಿ ಅಂಟಿಸಿದವರಿಗೆ ಇರಲಿಲ್ಲ. ಕಂಪನಿಗೆ ಫೋಟೊ ಕಳಿಸಿದಾಗ ಹದಿನೈದು ದಿನದಲ್ಲಿ ಹೊಸ ಚೀಟಿಗಳು ಅಂಚೆಯಲ್ಲಿ ಬಂದವು, ಕ್ಷಮೆಯ ಮಾತೊಂದೂ ಇರಲಿಲ್ಲ. ಚೀಟಿಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇದ್ದುದರಿಂದ, ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳೇ ಸೇರಿ ಮೆದುಳುಬಳ್ಳಿ, ಜ್ಞಾನವಾಹಿ, ಕ್ರಿಯಾವಾಹಿ ಎಂದು ಬರೆದು ಅಂಟಿಸಿದ್ದಾರೆ.

ಗೋಡೆಫಲಕದಲ್ಲಿ ಮನುಷ್ಯಾಕೃತಿಯ ಮೇಲೆ ನರಗಳನ್ನು ಹಳದಿ ಬಣ್ಣದಲ್ಲಿ ಉಬ್ಬಿಸಿದ್ದಾರೆ. ಮೆದುಳುಬಳ್ಳಿಯ ನರಗಳು 31 ಜೋಡಿ, ಲೆಕ್ಕ ಸರಿಯಿದೆ: ಕುತ್ತಿಗೆಯಲ್ಲಿ 8, ಎದೆಯಲ್ಲಿ 12, ಸೊಂಟದಲ್ಲಿ 5, ತ್ರಿಕಾಸ್ಥಿಯಲ್ಲಿ 5, ಬಾಲಮೂಳೆಯಲ್ಲಿ 1. ಕುತ್ತಿಗೆಯ ಕಶೇರುಗಳು ಏಳೇ ಇದ್ದರೂ ನರಗಳು ಎಂಟು ಹೇಗೆ ಎಂಬ ಪ್ರಶ್ನೆಗೆ ಫಲಕದಲ್ಲೇ ಉತ್ತರವಿದೆ, ಮೊದಲನೆಯ ನರ ಮೊದಲ ಕಶೇರುವಿನ ಮೇಲಿನಿಂದಲೇ ಹೊರಡುತ್ತದೆ. ಜಿರಾಫೆಗೂ ಇಲಿಗೂ ಕುತ್ತಿಗೆಯಲ್ಲಿ ಅದೇ ಏಳು ಕಶೇರು. ಈ ನಿಯಮ ಮೀರಿದ ಸಸ್ತನಿಗಳು ಮರಕ್ಕೆ ಜೋತುಬೀಳುವ ಸ್ಲಾತ್ ಮತ್ತು ನೀರಿನಲ್ಲಿ ಬಾಳುವ ಮನಾಟಿ ಮಾತ್ರ. ಮೆದುಳುಬಳ್ಳಿ ಬೆನ್ನುಮೂಳೆಯ ಕೊನೆಯವರೆಗೂ ಇಳಿಯದೆ ಸೊಂಟದ ಮೊದಲ ಎರಡು ಕಶೇರುಗಳ ಹತ್ತಿರವೇ ಮುಗಿಯುವುದನ್ನೂ, ಅಲ್ಲಿಂದ ಕೆಳಗೆ ನರಗಳು ಕುದುರೆಯ ಬಾಲದಂತೆ ಜೋತುಬಿದ್ದಿರುವುದನ್ನೂ ಚೆನ್ನಾಗಿ ತೋರಿಸಿದ್ದಾರೆ. ಬೆನ್ನಿನಿಂದ ನೀರು ತೆಗೆಯುವಾಗ ವೈದ್ಯರು ಸೂಜಿಯನ್ನು ಅಷ್ಟು ಕೆಳಗೆ ಏಕೆ ಚುಚ್ಚುತ್ತಾರೆಂದು ಕೇಳುವ ಮಕ್ಕಳಿಗೆ ಇದು ಉತ್ತರ.

ಆದರೆ ಫಲಕದ ನರಗಳೆಲ್ಲ ತಲೆಯಿಂದ ನೇರವಾಗಿ ಇಳಿದುಬಿಟ್ಟಿವೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ನಮ್ಮ ಹಳ್ಳಿಗಳಲ್ಲಿ ಲಕ್ವ ಹೊಡೆದ ಹಿರಿಯರಿಲ್ಲದ ಮನೆ ಅಪರೂಪ, ಮೆದುಳಿನ ಎಡಭಾಗಕ್ಕೆ ರಕ್ತ ನಿಂತರೆ ಬಲಗೈ ಬಲಗಾಲು ಸೋಲುತ್ತವೆ ಎಂಬುದನ್ನು ಮಕ್ಕಳು ಕೇಳಿ ತಿಳಿದೇ ಬಂದಿರುತ್ತಾರೆ. ಕಾರ್ಟೆಕ್ಸ್‌ನಿಂದ ಇಳಿಯುವ ಅಪ್ಪಣೆಯ ತಂತುಗಳಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಮೆಡುಲ್ಲಾದ ಕೆಳತುದಿಯಲ್ಲಿ ಎದುರು ಬದಿಗೆ ದಾಟುತ್ತವೆ. ನವಿರು ಸ್ಪರ್ಶದ ದಾರಿಯೂ ಮೆಡುಲ್ಲಾದಲ್ಲೇ ದಾಟುತ್ತದೆ, ಆದರೆ ನೋವು ಮತ್ತು ಬಿಸಿಯ ದಾರಿ ಮೆದುಳುಬಳ್ಳಿಯನ್ನು ಹೊಕ್ಕ ಕೂಡಲೇ ದಾಟಿಬಿಡುತ್ತದೆ. ಅದಕ್ಕೇ ಮೆದುಳುಬಳ್ಳಿಯ ಒಂದು ಪಕ್ಕ ಮಾತ್ರ ಕತ್ತರಿಸಿದರೆ ಆ ಪಕ್ಕದ ಕಾಲಿಗೆ ಶಕ್ತಿ ಹೋಗುತ್ತದೆ, ಇನ್ನೊಂದು ಪಕ್ಕದ ಕಾಲಿಗೆ ನೋವು ತಿಳಿಯದಾಗುತ್ತದೆ. ಅನುಮಸ್ತಿಷ್ಕವಾದರೋ ತನ್ನ ಪಕ್ಕದ ದೇಹವನ್ನೇ ನೋಡಿಕೊಳ್ಳುತ್ತದೆ. ನನ್ನ ದೃಷ್ಟಿಯಲ್ಲಿ ನರಮಂಡಲದ ಏರ್ಪಾಟೆಂದರೆ ಈ ದಾರಿಗಳೇ: ಯಾವುದು ಎಲ್ಲಿ ಹತ್ತುತ್ತದೆ, ಎಲ್ಲಿ ದಾಟುತ್ತದೆ, ಯಾವ ನಿಲ್ದಾಣದಲ್ಲಿ ಇಳಿಯುತ್ತದೆ. ಸೆಟ್‌ನ ಮೂರೂ ಮಾದರಿಗಳು ನಿಲ್ದಾಣಗಳನ್ನು ತೋರಿಸುತ್ತವೆ, ಬಸ್ಸುಗಳನ್ನು ತೋರಿಸುವುದಿಲ್ಲ.

ಇದಕ್ಕಿಂತ ದೊಡ್ಡ ಲೋಪ ನಮ್ಮ ಇಚ್ಛೆಗೆ ಕಾಯದೆ ಒಳಗಿನ ಅಂಗಗಳನ್ನು ನಡೆಸುವ ಸ್ವಾಯತ್ತ ನರಮಂಡಲದ್ದು. ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ ಜಪಮಾಲೆಯಂತೆ ಇಳಿಯುವ, ತುರ್ತಿಗೆ ದೇಹವನ್ನು ಸಜ್ಜುಮಾಡುವ ಸಿಂಪಥೆಟಿಕ್ ಭಾಗದ ಗಂಟುಗಳ ಸರ ಫಲಕದಲ್ಲಿ ಇಲ್ಲವೇ ಇಲ್ಲ. ಹತ್ತನೆಯ ಕಪಾಲ ನರವಾದ ವೇಗಸ್ ಹೃದಯದ ಹತ್ತಿರ ಬಂದು ಮುಗಿದುಹೋಗಿದೆ. ನಿಜವಾಗಿ ಅದು ಶ್ವಾಸಕೋಶ, ಜಠರ, ಸಣ್ಣ ಕರುಳುಗಳನ್ನೆಲ್ಲ ಹಾಯ್ದು ದೊಡ್ಡ ಕರುಳಿನ ಅಡ್ಡಭಾಗದವರೆಗೂ ಹೋಗುತ್ತದೆ, ಅದರ ತಂತುಗಳಲ್ಲಿ ಬಹುಪಾಲು ಅಪ್ಪಣೆ ಒಯ್ಯುವವಲ್ಲ, ಒಳಗಿನ ಸುದ್ದಿಯನ್ನು ಮೆದುಳಿಗೆ ತರುವವು. ಕರುಳಿನ ಗೋಡೆಯೊಳಗೇ ಎರಡು ಪದರಗಳಲ್ಲಿ ಹೆಣೆದುಕೊಂಡಿರುವ ನರಜಾಲದಲ್ಲಿ ಹತ್ತಾರು ಕೋಟಿ ನರಕೋಶಗಳಿವೆ, ಮೆದುಳಿನ ಸಂಪರ್ಕ ಕಡಿದರೂ ಕರುಳು ತನ್ನ ಚಲನೆಯನ್ನು ತಾನೇ ನಡೆಸಿಕೊಳ್ಳಬಲ್ಲದು. ಫಲಕದ ಮನುಷ್ಯನಿಗೆ ಕರುಳೇ ಇಲ್ಲ. ಪರೀಕ್ಷೆಗೆ ಹೃದಯಬಡಿತ ಏರುವುದು, ವಿಶ್ರಾಂತಿಯಲ್ಲಿ ಇಳಿಯುವುದು ಎಲ್ಲ ಈ ಭಾಗದ ವ್ಯವಹಾರ.

ಇದನ್ನು ನಾವು ಉಲ್ಲನ್ ದಾರದಿಂದ ಸರಿಪಡಿಸಿಕೊಂಡೆವು. ಎದೆಯ ಮೊದಲ ನರದಿಂದ ಸೊಂಟದ ಎರಡನೆಯ ನರದವರೆಗೆ ಕೆಂಪು ದಾರ, ಇದು ಸಿಂಪಥೆಟಿಕ್. ಕಪಾಲ ನರಗಳಲ್ಲಿ ಮೂರು, ಏಳು, ಒಂಬತ್ತು, ಹತ್ತು, ಹಾಗೂ ತ್ರಿಕಾಸ್ಥಿಯ ಎರಡರಿಂದ ನಾಲ್ಕನೆಯ ನರಗಳವರೆಗೆ ಹಸಿರು ದಾರ, ಇದು ವಿಶ್ರಾಂತಿಯ ಹೊತ್ತಿನ ಕೆಲಸ ನೋಡಿಕೊಳ್ಳುವ ಪ್ಯಾರಾಸಿಂಪಥೆಟಿಕ್. ಹಸಿರು ಮೇಲೂ ಕೆಳಗೂ, ಕೆಂಪು ನಡುವೆ. ಕೇಂಬ್ರಿಜ್‌ನ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ 1898ರಲ್ಲಿ ಸ್ವಾಯತ್ತ ನರಮಂಡಲವೆಂಬ ಹೆಸರನ್ನೂ 1905ರಲ್ಲಿ ಪ್ಯಾರಾಸಿಂಪಥೆಟಿಕ್ ಎಂಬ ಹೆಸರನ್ನೂ ಕೊಟ್ಟದ್ದು ಈ ಜಾಗಗಳ ವಿಂಗಡಣೆಯನ್ನು ಗುರುತಿಸಿಯೇ. ಕೆಂಪು ದಾರದಲ್ಲಿ ಗಂಟು ಬೆನ್ನುಮೂಳೆಯ ಹತ್ತಿರ, ಹಸಿರು ದಾರದಲ್ಲಿ ಗಂಟು ಅಂಗದ ಹತ್ತಿರ. ಮೆಡುಲ್ಲಾದ ಬಳಿ ಒಂದನ್ನೊಂದು ದಾಟುವ ಎರಡು ಕಪ್ಪು ದಾರಗಳನ್ನೂ ಸೇರಿಸಿದ್ದೇವೆ. ಒಟ್ಟು ಖರ್ಚು ಅರವತ್ತು ರೂಪಾಯಿ. ಫಲಕ ಕೊಂಡದ್ದು ದಾರ ಕಟ್ಟಲಿಕ್ಕೇ ಎಂದು ಅಟೆಂಡರ್ ಆಡಿಕೊಳ್ಳುತ್ತಾರೆ.

ಕಳೆದ ವರ್ಷ ಮಕ್ಕಳನ್ನು ಬೆಂಗಳೂರಿನ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಸಂರಕ್ಷಿಸಿಟ್ಟ ನಿಜವಾದ ಮನುಷ್ಯ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ನಮ್ಮ ಪ್ಲಾಸ್ಟಿಕ್ ಮೆದುಳು ತಕ್ಕಡಿಯಲ್ಲಿ ಮುಕ್ಕಾಲು ಕಿಲೋ ತೂಗುತ್ತದೆ, ನಿಜವಾದದ್ದು ಒಂದೂ ಕಾಲು ಕಿಲೋಗಿಂತ ಹೆಚ್ಚು. ಆ ವ್ಯತ್ಯಾಸ ಅಂಗೈಗೆ ತಿಳಿದಾಗ ಅದುವರೆಗೆ ಪಿಸುಗುಡುತ್ತಿದ್ದವರೆಲ್ಲ ಸುಮ್ಮನಾದರು. ಸಾಧ್ಯವಿರುವ ಕಾಲೇಜುಗಳು ಮಾದರಿ ಕೊಳ್ಳುವ ಮೊದಲು ಒಮ್ಮೆ ಅಲ್ಲಿಗೆ ಹೋಗಿಬಂದರೆ ಯಾವ ಮಾದರಿ ಬೇಕು ಎಂಬ ಅಂದಾಜೂ ಸಿಗುತ್ತದೆ.

ಬಾಳಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ಲಾಸ್ಟಿಕ್ ಗಟ್ಟಿಯಾಗಿದೆ, ಎರಡು ಸಲ ಕೆಳಗೆ ಬಿದ್ದರೂ ಒಡೆದಿಲ್ಲ. ಕಾಂತಗಳು ಮಾತ್ರ ಕಳಪೆ; ಟೆಂಪೊರಲ್ ಹಾಲೆಯ ಕಾಂತ ಮೂರನೆಯ ತಿಂಗಳಲ್ಲೇ ಉದುರಿತು, ಈಗ ರಬ್ಬರ್ ಬ್ಯಾಂಡ್ ಹಾಕಿ ನಿಲ್ಲಿಸಿದ್ದೇವೆ. ಬಿಸಿಲು ಬೀಳುವ ಗೋಡೆಯಲ್ಲಿ ಫಲಕ ನೇತುಹಾಕಿದರೆ ಹಳದಿ ಬಣ್ಣ ಮಾಸುತ್ತದೆ. ನರಕೋಶದ ಮಾದರಿ ಈ ಸೆಟ್‌ನಲ್ಲಿ ಇಲ್ಲ, ಬೇಕೆಂದರೆ ಬೇರೆ ಹಣ ಕೊಡಬೇಕು. ಆ ಅಧ್ಯಾಯಕ್ಕೆ ಕಪ್ಪುಹಲಗೆಯೇ ಸಾಕು ಎಂದು ನಾನು ಬಿಟ್ಟೆ. ಹಣ ಕಡಿಮೆಯಿರುವ ಕಾಲೇಜಿನವರು ಅಡ್ಡಸೀಳನ್ನು ಮಾತ್ರ ಬಿಡಿಯಾಗಿ ಕೇಳಿ ತರಿಸಿ, ಮೆದುಳಿನ ಪಾಠಕ್ಕೆ ಭಾನುವಾರ ಮಾಂಸದಂಗಡಿಗೆ ಹೋಗಬಹುದು. ಹಣವಿರುವವರು ಎರಡನ್ನೂ ತೆಗೆದುಕೊಳ್ಳಲಿ. ಫಲಕವನ್ನು ಕೊಳ್ಳಬೇಕಾದರೆ ಸಿಂಪಥೆಟಿಕ್ ಸರ ಇದೆಯೇ ಎಂದು ಫೋಟೊ ತರಿಸಿ ನೋಡಿಕೊಂಡ ಮೇಲೆಯೇ ಹಣ ಕೊಡಬೇಕು.

ಬಣ್ಣ ಬಳಿಯದೆ ಬಿಟ್ಟಿದ್ದ ಆ ಗಂಟಿನ ಮೇಲೆ ಎರಡನೆಯ ಬೆಂಚಿನ ಅದೇ ಹುಡುಗಿ ಕಪ್ಪು ಮಾರ್ಕರ್‌ನಿಂದ 27 ಎಂದು ಬರೆದಿದ್ದಾಳೆ. ಅಂಕಿ ಗಂಟಿಗಿಂತ ದೊಡ್ಡದಾಗಿ, ಪಕ್ಕದ ನಡುಮೆದುಳಿನ ಮೇಲೂ ಹರಡಿಕೊಂಡಿದೆ.